ತೊಳೆಯದ ನಾಣ್ಯ

ನಮ್ಮ ಯಜಮಾನರು ನಾವಿದ್ದ ನ್ಯೂಜಿಲೆಂಡಿನ ಟೌರಂಗಾ ಊರಿನ ಸಂತೆಗೆ ತರಕಾರಿ ಚೀಲ ಹಿಡಿದು ಹೋಗಿ ಕೆನಡಾದ ಹಳೇ ನಿಕಲ್ ನಾಣ್ಯ ತರುತ್ತಿದ್ದರು. ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ. ನಾಣ್ಯ ಅದಕ್ಕೆ ಅಂಟಿದರೆ "ಅಪ್ಪಟ ನಿಕಲ್ ಕಣೇ!" ಎಂದು ಕುಣಿಯುವರು, ಮದುವೆ ದಿನ ನನ್ನನ್ನು ನೋಡಿಯೂ ಅಷ್ಟು ನಕ್ಕವರಲ್ಲ. ಹೊಳೆಯುವ ನಾಣ್ಯ ಬೇಡ, ಸವೆದದ್ದೇ ಬೇಕು. ಅದರ ಮೇಲಿನ ಬೀವರ್ ಪ್ರಾಣಿ ನನ್ನ ಕಣ್ಣಿಗೆ ಹೆಗ್ಗಣ. "ಹೆಗ್ಗಣಕ್ಕೆ ಸ್ನಾನ ಮಾಡಿಸ್ಲೇನ್ರೀ?" ಎಂದು ಹುಣಸೆಹಣ್ಣು ಹಿಡಿದರೆ ಓಡಿಬರುವರು. "ಅಯ್ಯೋ, ತೊಳೀಬೇಡ! ಎಷ್ಟು ಜನ ಮುಟ್ಟಿದ್ದು, ಅವರ ಕೈಗುರುತು ಹೋಗುತ್ತೆ." ಅವರು ತೀರಿಕೊಂಡು ಸೂತಕ ಕಳೆದ ದಿನ ನೆಲ, ಹಾಸಿಗೆ, ಬಟ್ಟೆ ಎಲ್ಲ ತೊಳೆದೆವು. ನಾದಿನಿ ನಾಣ್ಯದ ಡಬ್ಬಿಯನ್ನೂ ಬಕೆಟ್ಟಿನ ಹತ್ತಿರ ಒಯ್ದಳು. ಕಿತ್ತುಕೊಂಡೆ. "ಇದು ಬೇಡಮ್ಮ. ಕೊನೇಲಿ ಮುಟ್ಟಿದ್ದು ನಿಮ್ಮಣ್ಣ."