ಹಲಗೆ ಸೇತುವೆಯ ಸಾಲು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಫೋಟೋ ಅಕ್ಕ ಎನ್ನುತ್ತಿದ್ದರು. ಎಕ್ಸ್‌ರೇ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಜನರ ಮೂಳೆಗಳ ಚಿತ್ರ ತೆಗೆದವಳಿಗೆ ಆ ಹೆಸರು ಒಪ್ಪುತ್ತಲೂ ಇತ್ತು. ಊರು ಗುಡ್ಡಸಾಲಿನ ಬುಡದಲ್ಲಿತ್ತು. ರಜಾದಿನ ಬಂತೆಂದರೆ ಸಾಕು, ದಪ್ಪ ಟಯರಿನ ಸೈಕಲ್ ಹತ್ತಿ ಕಲ್ಲು, ಬೇರುಗಳ ಮೇಲೆ ಇಳಿಜಾರಿಗೆ ಬಿಟ್ಟುಕೊಂಡವರು ಬಿದ್ದು ಒಬ್ಬರ ಹಿಂದೊಬ್ಬರು ಆಸ್ಪತ್ರೆಗೆ ಬರುತ್ತಿದ್ದರು. ಮೈತುಂಬ ಕೆಸರು, ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಕೂಸಿನಂತೆ ಎತ್ತಿಕೊಂಡಿರುತ್ತಿದ್ದರು. ನೋವು ಎಲ್ಲಿದೆ ಎಂದು ವೈದ್ಯರು ಕೇಳುತ್ತಿದ್ದರು. ಇವಳು ಕೇಳುತ್ತಿದ್ದದ್ದು ಬೇರೆ: ಎಲ್ಲಿ ಬಿದ್ದಿರಿ, ಯಾವ ತಿರುವಿನಲ್ಲಿ, ಡೇರೆ ಎಲ್ಲಿ ಹಾಕಿದ್ದಿರಿ?

ಕೇಳುವುದಕ್ಕೆ ಕಾರಣವಿತ್ತು. ಅವಳೂ ಸವಾರಳೇ. ಒಂಟಿ ಜೀವ, ಎರಡು ಕೋಣೆಯ ಮನೆ. ಅದರಲ್ಲಿ ಗಾಳಿ ಬೆಳಕಿನ ಕಡೆಯ ಗೋಡೆ ಸೈಕಲ್ಲಿಗೆ, ಮೂಲೆ ಮಂಚಕ್ಕೆ. ತನ್ನ ವಾರದ ರಜೆಯ ದಿನ ಬೆಳಗಾಗುತ್ತಲೇ ಡೇರೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದಳು. ಯಾವ ಜಾಗದಲ್ಲಿ ನೀರಿದೆ, ಯಾವ ನೆಲಕ್ಕೆ ಗೂಟ ಇಳಿಯುತ್ತದೆ, ಅಲ್ಲಿಂದ ಸೈಕಲ್ ದಾರಿ ಎಷ್ಟು ದೂರ, ಆ ದಾರಿ ಮಕ್ಕಳಿಗಾದೀತೋ ಪುಂಡರಿಗಷ್ಟೇ ಆದೀತೋ, ಎಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಒಂದು ಜಾಗದ ಬಗ್ಗೆ ಬರೆದದ್ದು ಇಷ್ಟೇ: ‘ನೀರು ಪರವಾಗಿಲ್ಲ, ಕಕ್ಕಸು ನರಕ, ದಾರಿ ಸ್ವರ್ಗ.’

ಸೈಕಲ್ ಕಲಿಸಿದವನು ಅಣ್ಣ. ಮುಖ್ಯ ರಸ್ತೆಯಲ್ಲಿ ಅವನದೇ ಸೈಕಲ್ ಅಂಗಡಿ. ಅಂಗಡಿಗೆ ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು. ಡೇರೆ ಹಾಕಲು ಒಳ್ಳೆಯ ಜಾಗ ಬೇಕು, ಹತ್ತಿರದಲ್ಲೇ ಗುಡ್ಡದ ದಾರಿಯೂ ಇರಬೇಕು, ಎಲ್ಲಿಗೆ ಹೋಗೋಣ? ಅಣ್ಣ ಪ್ರತಿ ಸಲವೂ ತಂಗಿಗೆ ಫೋನ್ ಹಚ್ಚುತ್ತಿದ್ದ. ಹೀಗೆ ದಿನಾ ನಿನ್ನ ತಲೆ ತಿನ್ನುವ ಬದಲು ಒಂದು ಕೈಪಿಡಿಯನ್ನೇ ಮಾಡಿಬಿಡೋಣ ಎಂದು ಅವನು ಹೇಳಿದಾಗ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಎರಡು ತಿಂಗಳು ಸಂಜೆಯೆಲ್ಲ ಕೂತು ಇಪ್ಪತ್ತಾರು ಜಾಗಗಳ ವಿವರವನ್ನು ದುಂಡಗೆ ನಕಲು ಮಾಡಿ ಕೊಟ್ಟಳು.

ಕೈಪಿಡಿ ಚೆಂದವಾಗಿ ಬಂತು. ಹೊದಿಕೆಯ ಮೇಲೆ ‘ಸ್ವತಃ ಸವಾರಿ ಮಾಡಿ ಪರೀಕ್ಷಿಸಿದವರು’ ಎಂಬ ಸಾಲು, ಅದರ ಕೆಳಗೆ ಅವಳ ಪೂರ್ತಿ ಹೆಸರು. ಆಸ್ಪತ್ರೆಯ ಬಾಗಿಲಿನ ಹಾಜರಿ ಪಟ್ಟಿ ಬಿಟ್ಟರೆ ಬೇರೆಲ್ಲೂ ಅಚ್ಚಾಗದ ಹೆಸರು ಅದು. ದಾದಿಯರ ಕೋಣೆಯ ಮೇಜಿನ ಮೇಲೆ ಒಂದು ಪ್ರತಿಯನ್ನು ಏನೋ ಮರೆತು ಬಿಟ್ಟುಹೋದವಳ ಹಾಗೆ ಇಟ್ಟು ಬಂದಳು.

ಮನೆಗೆ ಬಂದು ಪುಟ ತಿರುವುವಾಗ ಹನ್ನೊಂದನೆಯ ಜಾಗದಲ್ಲಿ ಕಣ್ಣು ನಿಂತಿತು. ಕೆರೆದಂಡೆಯ ಡೇರೆ ಬಯಲು. ಅವಳು ಬರೆದದ್ದು ನಾಲ್ಕು ಸಾಲು, ಅಚ್ಚಾದದ್ದು ಮೂರು. ಬಿಟ್ಟುಹೋದ ಸಾಲು ಇದು: ‘ಉದ್ದ ಇಳಿಜಾರು ಮುಗಿಯುವಲ್ಲಿ ಹಳ್ಳಕ್ಕೆ ಹಲಗೆ ಸೇತುವೆ, ಹಲಗೆಗಳ ಸಂದಿಗೆ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ, ಇಳಿದು ತಳ್ಳಿಕೊಂಡೇ ದಾಟಬೇಕು.’ ಸುಮ್ಮನೆ ಬರೆದದ್ದಲ್ಲ. ಒಂದೇ ತಿಂಗಳಲ್ಲಿ ಮೂವರು ಅದೇ ಸೇತುವೆಯಲ್ಲಿ ಮಗುಚಿಕೊಂಡು ಅವಳ ಮೇಜಿನ ಮೇಲೆ ಬಂದು ಮಲಗಿದ್ದರು. ಆಮೇಲೆ ಅವಳೇ ಹೋಗಿ ನೋಡಿ ಬಂದಿದ್ದಳು. ಆ ಬಯಲಿನ ಮಾಲೀಕ ಅಣ್ಣನ ಗೆಳೆಯ. ಬಾಡಿಗೆಗೆ ಕೊಡುವ ಸೈಕಲ್‌ಗಳನ್ನೆಲ್ಲ ಅಣ್ಣನ ಅಂಗಡಿಯಿಂದಲೇ ಒಯ್ದಿದ್ದ.

ಫೋನ್ ಮಾಡಿ ಕೇಳಿದಳು. ಅಣ್ಣ ನಕ್ಕ.

“ಅಂಥದ್ದನ್ನೆಲ್ಲ ಹಾಕಿದ್ರೆ ಅವನ ಜಾಗಕ್ಕೆ ಯಾರು ಹೋಗ್ತಾರೆ, ಪುಟ್ಟಿ? ಸೇತುವೆ ಸರಿ ಮಾಡಿಸ್ತೀನಿ ಅಂದಿದ್ದಾನೆ. ನೀನು ಮಂಡೆ ಬಿಸಿ ಮಾಡ್ಕೋಬೇಡ.”

ಅವಳು ಸರಿ ಎಂದಳು. ನಂಬಿದ್ದರಿಂದ ಸರಿ ಎಂದಳೇ ಎಂದರೆ ಅದೂ ಅಲ್ಲ. ಹೊದಿಕೆಯ ಮೇಲೆ ಹೆಸರಿತ್ತು, ಹೊದಿಕೆ ಚೆನ್ನಾಗಿತ್ತು. ಜಗಳ ತೆಗೆದರೆ ಅದನ್ನು ಮತ್ತೆ ಅಷ್ಟು ಖುಷಿಯಿಂದ ನೋಡಲಾಗುತ್ತಿರಲಿಲ್ಲ.

ಕೈಪಿಡಿ ಬಂದ ಏಳನೆಯ ವಾರ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚಳ ತೆರೆಯುವಷ್ಟರಲ್ಲಿ ಸ್ಟ್ರೆಚರ್ ಬಂತು. ಮಲಗಿದ್ದವಳು ಅಣ್ಣನ ಮಗಳು. ಹತ್ತೊಂಬತ್ತರ ಹುಡುಗಿ, ಗೆಳತಿಯರ ಜೊತೆ ಕೆರೆದಂಡೆಗೆ ಹೋಗಿದ್ದಳು. ಫೋಟೋ ಅಕ್ಕ ಎಲ್ಲಿ ಬಿದ್ದೆ ಎಂದು ಕೇಳಲಿಲ್ಲ. ಮೇಜಿನ ಮೇಲೆ ಸರಿಸಿ, ಸೊಂಟದ ಕೆಳಗೆ ಫಲಕವಿಟ್ಟು, ಉಸಿರು ಬಿಗಿ ಹಿಡಿ ಎಂದಳು. ಗುಂಡಿ ಒತ್ತಿದಳು. ತೊಡೆಮೂಳೆ ಕೂರುವ ಬಟ್ಟಲು ಒಡೆದಿದ್ದು ಪರದೆಯ ಮೇಲೆ ನಿಚ್ಚಳವಾಗಿ ಕಂಡಿತು. ಕಂಡದ್ದನ್ನು ಹೇಳುವ ಅಧಿಕಾರ ಅವಳಿಗಿಲ್ಲ, ಅದು ವೈದ್ಯರದು. ಹುಡುಗಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

“ಅತ್ತೆ, ನೀನು ನೋಡಿರೋ ದಾರಿ ಅಂತ ನಾನು ಬ್ರೇಕೇ ಹಿಡೀಲಿಲ್ಲ.”

ಹೊರಗೆ ಮೊಗಸಾಲೆಯಲ್ಲಿ ಅಣ್ಣ ನಿಂತಿದ್ದ. ಗ್ರೀಸ್ ಮೆತ್ತಿದ ಕೈ ತೊಳೆಯದೆ ಓಡಿ ಬಂದಿದ್ದ. ಅವಳನ್ನು ಕಿಟಕಿಯ ಬಳಿಗೆ ಕರೆದು ತಗ್ಗಿದ ದನಿಯಲ್ಲಿ, “ಆ ಸಾಲಿನ ವಿಷಯ ನಿನ್ನ ಅತ್ತಿಗೆ ಹತ್ರ ಬಾಯಿ ಬಿಡ್ಬೇಡ. ಈಗ ಬೇಡ. ನಾನೇ ಹೇಳ್ತೀನಿ,” ಎಂದ.

ಅವನು ಹೇಳಲಿಲ್ಲ. ಶಸ್ತ್ರಚಿಕಿತ್ಸೆ ಆಯಿತು, ಹುಡುಗಿ ಆರು ವಾರ ಹಾಸಿಗೆ ಹಿಡಿದಳು, ಆಮೇಲೆ ಊರುಗೋಲು. ಅತ್ತಿಗೆ ಕೈಪಿಡಿಯ ಹೊದಿಕೆಯನ್ನು ಹರಿದು ಮಗಳ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದಳು. ನೋಡಲು ಬಂದವರೆಲ್ಲ ಆ ಹೆಸರನ್ನು ಓದಿ ಹೋಗಲಿ ಎಂದು. ನಾದಿನಿ ಬಂದರೆ ಒಳಗೆ ಕೂರಿಸುತ್ತಿದ್ದಳು, ಕಾಫಿ ಕೊಡುತ್ತಿದ್ದಳು, ಮಾತು ಮಾತ್ರ ಇಲ್ಲ. ಹುಡುಗಿ ಗೋಡೆಯ ಕಡೆಗೆ ಹೊರಳಿಕೊಳ್ಳುತ್ತಿದ್ದಳು. ಅಣ್ಣ ಅಂಗಡಿಯಲ್ಲಿ ಕೆಲಸ ಹೆಚ್ಚೆಂದು ತಂಗಿ ಬರುವ ಹೊತ್ತಿಗೆ ಮನೆಯಲ್ಲಿರುತ್ತಿರಲಿಲ್ಲ. ಸೈಕಲ್ ಹುಚ್ಚಿನ ಒಂಟಿ ಹೆಂಗಸು ತನಗೆ ಮಕ್ಕಳಿದ್ದಿದ್ದರೆ ಹೀಗೆ ಮಾಡುತ್ತಿದ್ದಳೇ ಎಂದು ಯಾರೋ ಅಂದದ್ದು ಆಸ್ಪತ್ರೆಯವರೆಗೂ ಬಂತು. ಅವಳು ನುಂಗಿಕೊಂಡಳು.

ನಾಲ್ಕು ತಿಂಗಳು ಹೀಗೇ ಕಳೆಯಿತು. ಅಷ್ಟರಲ್ಲಿ ಕೆರೆದಂಡೆಯ ಮಾಲೀಕ ಒಂದೇ ವಾರದಲ್ಲಿ ಸಿಮೆಂಟಿನ ಸೇತುವೆ ಹಾಕಿಸಿದ ಸುದ್ದಿ ಕಿವಿಗೆ ಬಿತ್ತು. ಒಂದು ವಾರದ ಕೆಲಸ. ಅದನ್ನು ಕೇಳಿದ ದಿನ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಯ ಅಂಗಿಯಲ್ಲೇ ನೋಟ್‌ಬುಕ್ ಹಿಡಿದು ಅಣ್ಣನ ಮನೆಗೆ ಹೋದಳು.

ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದಳು. ಇವಳು ಹನ್ನೊಂದನೆಯ ಜಾಗದ ಪುಟ ತೆರೆದು ಅವಳ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದಳು: ನಾಲ್ಕನೆಯ ಸಾಲು, ಫೋನು, ಕಿಟಕಿಯ ಬಳಿ ಆಡಿದ ಮಾತು. ಅತ್ತಿಗೆ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದಳು. ಒಳಗಿನ ಕೋಣೆಯಲ್ಲಿ ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು, ಮತ್ತೆ ನಿಂತಿತು.

“ಅಚ್ಚಾಗಿ ಬಂದ ದಿನವೇ ನೋಡಿದ್ಯಾ?”

“ಹೂಂ.”

“ಅವರು ವ್ಯಾಪಾರಕ್ಕೆ ಬಾಯಿ ಮುಚ್ಕೊಂಡ್ರು. ನೀನು ಯಾತಕ್ಕೆ?”

ಅತ್ತಿಗೆ ನೋಟ್‌ಬುಕ್ ಮುಚ್ಚಿ ನಾದಿನಿಯ ಕೈಗೆ ಕೊಟ್ಟು, ಮಡಚದೆ ಉಳಿದಿದ್ದ ಬಟ್ಟೆಗೆ ಕೈ ಹಾಕಿದಳು.

ಆ ಮನೆಯಲ್ಲಿ ಆಮೇಲೆ ಏನು ನಡೆಯಿತೋ ಅವಳಿಗೆ ತಿಳಿಯಲಿಲ್ಲ. ಅಣ್ಣ ಕೆಲವು ದಿನ ಅಂಗಡಿಯಲ್ಲೇ ಮಲಗುತ್ತಿದ್ದ ಎಂದು ಕೇಳಿದಳು, ಮತ್ತೆ ಮನೆ ಸೇರಿದ ಎಂದೂ ಕೇಳಿದಳು. ಗಂಡ ಹೆಂಡತಿ ಹೇಗೋ ಒಂದಾದರು. ಹುಡುಗಿ ಊರುಗೋಲು ಬಿಟ್ಟಳು, ಕುಂಟು ಉಳಿಯಿತು. ಓದಲು ಬೇರೆ ಊರಿಗೆ ಹೋಗುವಾಗ ಅತ್ತೆಗೆ ಹೇಳಿ ಹೋಗಲಿಲ್ಲ. ಕೈಪಿಡಿ ಎರಡನೆಯ ಸಲ ಅಚ್ಚಾಯಿತು. ಅದರಲ್ಲಿ ಪ್ರತಿ ಜಾಗಕ್ಕೂ ಎಚ್ಚರಿಕೆಯ ಮಾತುಗಳು ಪೂರ್ತಿ ಇದ್ದವು, ಹೊದಿಕೆಯ ಮೇಲೆ ಯಾರ ಹೆಸರೂ ಇರಲಿಲ್ಲ.

ಫೋಟೋ ಅಕ್ಕ ಈಗಲೂ ರಜೆಯ ದಿನ ಗುಡ್ಡಕ್ಕೆ ಹೋಗುತ್ತಾಳೆ. ಡೇರೆ ಒಯ್ಯುವುದಿಲ್ಲ, ಸಂಜೆಗೆ ವಾಪಸು. ಹೋದ ತಿಂಗಳು ಒಂದು ಕಡಿದಾದ ಏರಿನಲ್ಲಿ ಅಣ್ಣ ಎದುರಾದ. ಇಬ್ಬರೂ ಸೈಕಲ್ ಇಳಿದರು. ನಿನ್ನ ಚೈನ್ ಸದ್ದು ಮಾಡ್ತಿದೆ, ಎಣ್ಣೆ ಹಾಕು ಎಂದ ಅವನು. ಹಾಕುತ್ತೇನೆ ಎಂದಳು ಇವಳು. ಅವನು ಕೆಳಗೆ ಇಳಿದ, ಇವಳು ಮೇಲಕ್ಕೆ ಹೋದಳು.