ಎಲಿಯೊದೊರೊ ಆರಿಸಿದ ಬ್ಯಾಂಕು

ನನ್ನ ಗಂಡ ಎಲಿಯೊದೊರೊ ಚೋಕೆ ಗಾರೆ ಕೆಲಸದವನು. ಬೊಲಿವಿಯಾದ ಪೊತೊಸಿ ಕಡೆಯಿಂದ ಬ್ವೇನೊಸ್ ಐರೆಸ್‌ಗೆ ಬಂದಾಗ ಅವನಿಗೆ ಹತ್ತೊಂಬತ್ತು. ಸತ್ತಾಗ ಮೂವತ್ತೆಂಟು. ಮಾತು ಕಡಿಮೆ. ತಟ್ಟೆಯಲ್ಲಿ ಆಲೂಗಡ್ಡೆ ಇದ್ದರೆ ಸಾಕು, ಇನ್ನೇನೂ ಕೇಳುತ್ತಿರಲಿಲ್ಲ. ಒಂದು ಅಭ್ಯಾಸವಿತ್ತು. ಎಲ್ಲಿ ಗಾರೆ ಮೆತ್ತಿದರೂ ಹಸಿಯಿರುವಾಗಲೇ ಅದರ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದ. ನಮ್ಮ ಒಲೆಯ ಹಿಂದಿನ ಗೋಡೆಯಲ್ಲೂ ಆ ಗುರುತು ಇದೆ. ಯಾಕೆ ಎಂದು ಕೇಳಿದ್ದೆ. ಒಣಗಿದೆಯೋ ನೋಡಲಿಕ್ಕೆ ಎಂದ. ಅದು ಸುಳ್ಳು. ಒಣಗಿಲ್ಲ ಎಂದು ಅವನಿಗೆ ಗೊತ್ತಿರುತ್ತಿತ್ತು.

ಅವನು ಎರಡಕ್ಕೆ ಹೆದರುತ್ತಿದ್ದ. ಒಂದು ಬ್ಯಾಂಕು. ಇನ್ನೊಂದು ಕಳ್ಳರು.

ಬ್ಯಾಂಕಿನ ಹೆದರಿಕೆ ಮೊದಲು ಬಂದದ್ದು. ಅವನು ಇಲ್ಲಿಗೆ ಬಂದ ವರ್ಷವೇ ಈ ದೇಶದ ಬ್ಯಾಂಕುಗಳು ಜನರ ದುಡ್ಡನ್ನು ಒಳಗಿಟ್ಟುಕೊಂಡು ಕೊಡುವುದಿಲ್ಲ ಎಂದವು. ಜನ ಪಾತ್ರೆ, ಸುತ್ತಿಗೆ ಹಿಡಿದು ಬಾಗಿಲು ಬಡಿದರು. ಆಗ ಬ್ಯಾಂಕುಗಳು ಗಾಜಿನ ಮೇಲೆ ಕಬ್ಬಿಣದ ತಗಡು ಹೊಡೆಸಿದವು. ರಿವಾದಾವಿಯಾ ರಸ್ತೆಯ ಒಂದು ಕಲ್ಲಿನ ಬ್ಯಾಂಕಿಗೆ ತಗಡು ಹೊಡೆದವರಲ್ಲಿ ಎಲಿಯೊದೊರೊ ಒಬ್ಬ. ಅವನ ಮೇಸ್ತ್ರಿ ತಾನೊ ಎನ್ನುವವನು ಹಿಂದಿನ ದಿನ ಸಂಜೆ ಬಂದು, ಬೆಳಿಗ್ಗೆ ಐದಕ್ಕೆ ಬಾ, ಯಾರಿಗೂ ಹೇಳಬೇಡ ಎಂದಿದ್ದನಂತೆ. ಬೆಳಿಗ್ಗೆ ಎಂಟಕ್ಕೆ ಜನ ಸೇರಿದರು. ಒಳ್ಳೆಯ ಕೋಟು ಹಾಕಿದ್ದ ಒಬ್ಬ ಮುದುಕಿ ತನ್ನ ಚಪ್ಪಲಿ ಕಳಚಿ ಅದರ ಹಿಮ್ಮಡಿಯಿಂದ ತಗಡು ಬಡಿದಳು. ಇವನು ಏಣಿಯ ಮೇಲಿದ್ದ. ನಮ್ಮ ದೇಶದವರನ್ನು ಹಂಗಿಸಿ ಕರೆಯುವ ಮಾತಿನಲ್ಲೇ ಅವಳು ಇವನನ್ನು ಕರೆದಳು.

"ಏ ಬೊಲಿತಾ, ನಿನಗೆ ಕೂಲಿ ಯಾರ ದುಡ್ಡಲ್ಲಿ ಕೊಡ್ತಾರೆ ಗೊತ್ತೇನೋ? ನನ್ನ ದುಡ್ಡಲ್ಲಿ."

ಇದನ್ನು ಅವನು ನನಗೆ ಹತ್ತು ಸಲ ಹೇಳಿದ್ದಾನೆ. ಪ್ರತಿ ಸಲವೂ ಕೊನೆಯ ಮಾತು ಒಂದೇ. "ಅವಳಿಗೆ ಬೆಳಿಗ್ಗೆ ಗೊತ್ತಾಯ್ತು. ನನಗೆ ಹಿಂದಿನ ಸಂಜೆನೇ ಗೊತ್ತಿತ್ತು, ನಿಕೊಲಾಸಾ."

ಎರಡು ವರ್ಷದ ಮೇಲೆ ತಗಡು ತೆಗೆದರು. ಕಲ್ಲಿನಲ್ಲಿ ಉಳಿದ ಬೋಲ್ಟಿನ ತೂತುಗಳನ್ನು ಮುಚ್ಚಲಿಕ್ಕೂ ತಾನೊ ಇವನನ್ನೇ ಕಳಿಸಿದ. ಕಲ್ಲಿನ ಪುಡಿ ಕಲಸಿ ಎಲ್ಲಾ ತೂತು ಮುಚ್ಚಿದನಂತೆ. ಬಾಗಿಲಿನ ನೆಗ್ಗುಗಳನ್ನು ಮಾತ್ರ ಯಾರೂ ಸರಿ ಮಾಡಲಿಲ್ಲ.

ಹೀಗಾಗಿ ನಾವು ಮದುವೆಯಾದ ಮೇಲೂ ದುಡ್ಡು ಮನೆಯಲ್ಲೇ ಇತ್ತು. ಒಲೆಯ ಹಿಂದೆ ಒಂದು ಟೊಳ್ಳು ಇಟ್ಟಿಗೆ. ಬಿಯ್ಯಾ ಸೆಲೀನಾದ ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಇಡುತ್ತಿದ್ದರು. ಅದು ಕಳ್ಳರಿಗೂ ಗೊತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಮೂರನೇ ಮನೆಯ ಕೊಂದೋರಿಯನ್ನೂ ಅವನ ಹೆಂಡತಿಯನ್ನೂ ಕಳ್ಳರು ಕಟ್ಟಿಹಾಕಿದರು. ಅವರದು ಹೊಲಿಗೆ ಕೆಲಸ. ಅವರದೇ ಇಸ್ತ್ರಿ ಪೆಟ್ಟಿಗೆ ಕಾಯಿಸಿ ಅಂಗಾಲಿಗೆ ಇಟ್ಟರು. ದುಡ್ಡು ಎಲ್ಲಿದೆ ಎಂದು ಅವಳು ಹೇಳಿದಳು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅದಕ್ಕೇ ಅವನನ್ನು ಜಾಸ್ತಿ ಸುಟ್ಟರು.

ಆ ವಾರ ಎಲಿಯೊದೊರೊ ಬ್ಯಾಂಕು ಹುಡುಕಲು ಶುರು ಮಾಡಿದ.

ಶನಿವಾರ ಶನಿವಾರ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಶನಿವಾರ ಬ್ಯಾಂಕು ಮುಚ್ಚಿರುತ್ತದಲ್ಲ ಎಂದೆ. ಅದಕ್ಕೇ ಹೋಗೋದು ಎಂದ. "ತೆರೆದಿದ್ದಾಗ ಎಲ್ಲಾ ನಗ್ತಾ ಮಾತಾಡ್ಸ್ತಾರೆ. ಮುಚ್ಚಿದಾಗ ಹೆಂಗಿರುತ್ತೆ ನೋಡ್ಬೇಕು." ಗೋಡೆ ತಟ್ಟಿ ನೋಡುತ್ತಿದ್ದ. ಬಾಗಿಲಿನ ಮೇಲೆ ಬೆರಳಾಡಿಸಿ ನೆಗ್ಗು ಹುಡುಕುತ್ತಿದ್ದ. ನೆಗ್ಗು ಇದ್ದರೆ, ಇದು ಒಂದು ಸಲ ಜನರಿಗೆ ಬಾಗಿಲು ಹಾಕಿದೆ, ಬೇಡ ಎನ್ನುತ್ತಿದ್ದ. ಕಾವಲುಗಾರರು ಎರಡು ಸಲ ಓಡಿಸಿದರು. ಆಮೇಲೆ ನಾವು ಚೌಕದ ಬೆಂಚಿನ ಮೇಲೆ ಕುಳಿತು ನಮ್ಮ ಕಡೆಯ ಮಾಂಸದ ಕಡುಬು ಸಾಲ್ತೇನ್ಯಾ ತಿನ್ನುತ್ತಿದ್ದೆವು. ಅವನು ರಸವನ್ನು ಕೈಮೇಲೆ ಸುರಿಸಿಕೊಳ್ಳದೆ ಒಂದು ದಿನವೂ ತಿಂದವನಲ್ಲ. ನಾನು ನಗುತ್ತಿದ್ದೆ. ಅವು ನನ್ನ ಒಳ್ಳೆಯ ದಿನಗಳು. ಆಗ ಗೊತ್ತಾಗಲಿಲ್ಲ.

ವಾರದ ದಿನ ರಜ ಹಾಕಿ ಎರಡು ಕಡೆ ಒಳಗೂ ಹೋದ. ಒಂದು ಕಡೆ ಸಂಬಳದ ಚೀಟಿ ಕೇಳಿದರು. ಗಾರೆಯವನಿಗೆ ಚೀಟಿ ಕೊಡುವವರು ಯಾರು? ಇನ್ನೊಂದು ಕಡೆ ಕರೆಂಟು ಬಿಲ್ಲು ಕೇಳಿದರು. ಬಿಲ್ಲು ಮನೆಯೊಡತಿಯ ಹೆಸರಿನಲ್ಲಿತ್ತು. ಬೇರೆ ದೇಶದವರು ಎಂದರೆ ಹೀಗೇ. ಮೂರು ತಿಂಗಳು ಅಲೆದ.

ಒಂದು ದಿನ ಬೂಟಿಗೆ ಪಾಲಿಶ್ ಹಾಕಿಕೊಂಡು ಹೋದ. ಸಂಜೆ ಬಂದು ಆಯ್ತು ಎಂದ. ಇಟ್ಟಿಗೆ ಖಾಲಿಯಾಗಿತ್ತು. ಯಾವ ಬ್ಯಾಂಕು ಎಂದು ಕೇಳಿದೆ. ಹೇಳಲಿಲ್ಲ. ಮರುದಿನವೂ ಕೇಳಿದೆ. ಸಿಟ್ಟಾದೆ.

"ನಿನಗೆ ಗೊತ್ತಿಲ್ದೇ ಇದ್ರೆ ನಿನ್ನ ಕಾಲು ಸುಟ್ಟು ಕೇಳೋಕಾಗಲ್ಲ," ಎಂದ.

ಕೊಂದೋರಿಗೂ ಗೊತ್ತಿರಲಿಲ್ಲ ಎಂದು ನಾನು ಹೇಳಬೇಕಿತ್ತು. ನಾಲ್ಕು ವರ್ಷ ಕಳೆಯಿತು. ಓಣಿ ಬಿಟ್ಟು ಒಂದು ತುಂಡು ಜಾಗ ಕೊಳ್ಳುವಷ್ಟು ಆಗುತ್ತಾ ಬಂದಿದೆ ಎನ್ನುತ್ತಿದ್ದ.

ಆಮೇಲೆ ಕಬಾಯೀತೊ ಬಡಾವಣೆಯಲ್ಲಿ ಕೆಲಸ ಮಾಡುವಾಗ ನಾಲ್ಕನೇ ಮಹಡಿಯ ಸಾರುವೆಯಿಂದ ಬಿದ್ದ.

ನಮ್ಮಲ್ಲಿ ಎಂಟನೆಯ ದಿನ ಸತ್ತವನ ಬಟ್ಟೆಯನ್ನು ಹರಿಯುವ ನೀರಿನಲ್ಲಿ ಒಗೆಯಬೇಕು. ಒಳ್ಳೆಯದನ್ನು ನೆಂಟರಿಗೆ ಹಂಚಬೇಕು. ಮೈಗೆ ಅಂಟಿಕೊಂಡಂಥದ್ದನ್ನು ಸುಡಬೇಕು. ಇಲ್ಲದಿದ್ದರೆ ಅದನ್ನು ಹುಡುಕಿಕೊಂಡು ಬರುತ್ತಾನೆ. ಎಸೆಯ್ಸಾ ಕಡೆಯ ತೊರೆಗೆ ಹೋದೆವು. ನಾನು, ಮಗಳು ವಿಲ್ಮಾ, ಅವನ ದೊಡ್ಡಪ್ಪನ ಮಗ ಹಿಲಾರಿಯೋನ್, ಇನ್ನಿಬ್ಬರು ಹೆಂಗಸರು. ಅಂಗಿ ಪ್ಯಾಂಟು ಒಗೆದೆ. ಕೆಲಸದ ಜಾಕೆಟ್ಟು ಸಿಮೆಂಟು ಹಿಡಿದು ಹಲಗೆಯಂತಾಗಿತ್ತು. ಅದನ್ನು ಒಗೆಯುವುದು ಏನು ಎಂದು ಹಾಗೇ ಬೆಂಕಿಗೆ ಹಾಕಿದೆ. ಒಗೆದಿದ್ದರೆ ಕೈಗೆ ಸಿಗುತ್ತಿತ್ತು.

ಬೂದಿಯಲ್ಲಿ ಕಪ್ಪಗೆ ಮುದುಡಿದ ಪ್ಲಾಸ್ಟಿಕ್ ಕಂಡಿತು. ಒಂದು ಮೂಲೆ ಮಾತ್ರ ಚಪ್ಪಟೆ. ಅದರ ಮೇಲೆ ಒಂದು ಅಂಕಿ. ಜಾಕೆಟ್ಟಿನ ಒಳಪದರದಲ್ಲಿ ಹೊಲಿದಿಟ್ಟಿದ್ದ ಬ್ಯಾಂಕಿನ ಕಾರ್ಡು. ಜೊತೆಗೆ ಕಾಗದವೂ ಇದ್ದಿರಬೇಕು. ಹಿಲಾರಿಯೋನ್ ಕೋಲಿನಿಂದ ಬೆಂಕಿ ಕೆದಕುತ್ತಾ ಈ ಕಡೆ ತಿರುಗಿದ. ನಾನು ಅದನ್ನು ಮುಷ್ಟಿಯಲ್ಲಿ ಹಿಡಿದೆ. ಇನ್ನೂ ಕಾದಿತ್ತು. ಅಂಗೈ ಸುಟ್ಟಿತು. ಕೂಗಲಿಲ್ಲ.

ಹಿಲಾರಿಯೋನ್ ಆ ಸಂಜೆಯಿಂದಲೇ ಬರಲು ಶುರು ಮಾಡಿದ. ಬಂದು ಎಲಿಯೊದೊರೊನ ಕುರ್ಚಿಯಲ್ಲಿ ಕೂರುವನು. ಅತ್ತಿಗೆ, ಸೂಪು ಇದೆಯಾ ಎನ್ನುವನು. ಕುಡಿದು ಮುಗಿಸಿ, ಅಣ್ಣ ಎಲ್ಲಿಟ್ಟಿದ್ದ ಎನ್ನುವನು. ಅಣ್ಣನಿಗೆ ನಾನೇ ಕೆಲಸ ಕೊಡಿಸಿದ್ದು, ಅರ್ಧ ನನ್ನದು ಎನ್ನುವನು. ಗೊತ್ತಿಲ್ಲ ಎಂದರೆ ನಗುವನು.

ವಕೀಲರಿಗೆ ಹೇಳಿದರೆ ಅವರು ಪಾಲು ಕೇಳುತ್ತಾರೆ, ಓಣಿಗೆಲ್ಲ ಸುದ್ದಿಯೂ ಆಗುತ್ತದೆ. ನಾನೇ ಹುಡುಕಬೇಕಿತ್ತು. ಅವನು ಹೇಳಿದ್ದೇ ನೆಪ್ಪಿತ್ತು. ನೆಗ್ಗು ಇಲ್ಲದ ಬಾಗಿಲು. ಲಿನಿಯೆರ್ಸ್‌ನಲ್ಲಿ ಅಂಥದ್ದೊಂದು ಸಣ್ಣ ಬ್ಯಾಂಕಿತ್ತು. ಬಾಗಿಲು ನುಣ್ಣಗೆ. ಒಳಗೆ ಹೋಗಿ, ನನ್ನ ಗಂಡ ಸತ್ತ, ಅವನ ದುಡ್ಡು ಇಲ್ಲಿದೆಯಾ ಎಂದು ಮೆಲ್ಲಗೆ ಕೇಳಿದೆ. ಗಾಜಿನ ಹಿಂದಿದ್ದವನು ಹೆಸರನ್ನು ಜೋರಾಗಿ ಎರಡು ಸಲ ಕೂಗಿ ಕೇಳಿದ. ಆಮೇಲೆ, ಚೋಕೆ ಅನ್ನೋರ ಖಾತೆ ಇಲ್ಲಮ್ಮ ಎಂದ. ತಿರುಗಿ ನೋಡಿದರೆ ಸಾಲಿನಲ್ಲಿ ನಮ್ಮ ಓಣಿಯ ಹಣ್ಣಿನಂಗಡಿಯವಳು.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ವಿಲ್ಮಾಳ ಜೊತೆ ಸ್ಮಶಾನಕ್ಕೆ ಹೋಗಿ ಬಂದಾಗ ಮನೆಯ ಬೀಗ ಸರಿಯಾಗಿಯೇ ಇತ್ತು. ಒಳಗೆ ಒಲೆ ಪಕ್ಕಕ್ಕೆ ಸರಿದಿತ್ತು. ಟೊಳ್ಳು ಇಟ್ಟಿಗೆ ನೆಲದ ಮೇಲಿತ್ತು. ಬೇರೆ ಯಾವ ಇಟ್ಟಿಗೆಯನ್ನೂ ಮುಟ್ಟಿರಲಿಲ್ಲ. ಆ ಗೋಡೆ ಕಟ್ಟುವಾಗ ಗಾರೆ ಕಲಸಿಕೊಟ್ಟವನು ಒಬ್ಬನೇ. ಹಿಲಾರಿಯೋನ್.

ವಿಲ್ಮಾಗೆ ಒಂಬತ್ತು ವರ್ಷ. ಅವಳು ತೂತಿನೊಳಗೆ ಕೈ ಹಾಕಿ, ಅಮ್ಮಾ ಏನಿತ್ತು ಇಲ್ಲಿ ಎಂದಳು. ನನ್ನ ಕಣ್ಣು ಅವಳ ಕಾಲಿನ ಮೇಲಿತ್ತು.

ಸಂಜೆ ಹಿಲಾರಿಯೋನ್ ಬಂದ. ಈ ಸಲ ಸೂಪು ಕೇಳಲಿಲ್ಲ. ಹೊಸ ಮುಖದವನೊಬ್ಬನನ್ನು ಬಾಗಿಲಲ್ಲಿ ನಿಲ್ಲಿಸಿ ಒಳಗೆ ಬಂದ.

"ಬ್ಯಾಂಕಿಗೆ ಹೋಗಿದ್ರಂತೆ, ಅತ್ತಿಗೆ."

"ಹೋಗಿದ್ದೆ. ಅಲ್ಲಿಲ್ಲ."

"ಮತ್ತೆಲ್ಲಿದೆ?"

"ನಿಮ್ಮ ಅಣ್ಣ ಹೇಳಿಲ್ಲ."

"ಮನುಷ್ಯ ಹೆಂಡ್ತಿಗೆ ಹೇಳ್ದೇ ಇರ್ತಾನಾ? ಶುಕ್ರವಾರದವರೆಗೆ ಯೋಚ್ನೆ ಮಾಡಿ. ನೆಪ್ಪು ಬರುತ್ತೆ. ಕೊಂದೋರಿ ಹೆಂಡ್ತಿಗೂ ಬಂತಲ್ಲ."

ಅದು ಬುಧವಾರ. ಎದ್ದು ಹೋಗುವಾಗ ಮಾಮೂಲಿ ಮಾತಿನಂತೆ ಇನ್ನೊಂದು ಹೇಳಿದ. ತಾನೊ ಆಳು ಹುಡುಕುತ್ತಿದ್ದಾನೆ, ರಿವಾದಾವಿಯಾದ ಬ್ಯಾಂಕಿನ ಗೋಡೆಗೆ ಪ್ರತಿ ವರ್ಷದಂತೆ ತೇಪೆ ಹಾಕಬೇಕಂತೆ, ಅಣ್ಣ ಬಿಟ್ಟರೆ ಆ ಮೂರು ಕಾಸಿನ ಕೆಲಸಕ್ಕೆ ಯಾರು ಹೋಗುತ್ತಾರೆ ಎಂದು ನಕ್ಕ.

ಅವನು ಹೋದ ಮೇಲೆ ಬಾಗಿಲಿಗೆ ಮೇಜು ಒತ್ತರಿಸಿ ಕುಳಿತೆ. ನಿಜ. ಕಳೆದ ನಾಲ್ಕು ವರ್ಷ ಬೇರೆ ಕಡೆ ಎರಡರಷ್ಟು ಕೂಲಿ ಸಿಗುವಾಗಲೂ ಎಲಿಯೊದೊರೊ ಆ ಬ್ಯಾಂಕಿನ ಕೆಲಸ ಬಿಡುತ್ತಿರಲಿಲ್ಲ. ತಾನೊ ಕರೆದರೆ ಜ್ವರವಿದ್ದರೂ ಹೋಗುತ್ತಿದ್ದ. ಮೊಬೈಲನ್ನು ಮಲಗುವಾಗಲೂ ಆರಿಸುತ್ತಿರಲಿಲ್ಲ. ಯಾಕೆ ಎಂದರೆ, ತಾನೊ ಫೋನ್ ಮಾಡಬಹುದು ಎನ್ನುತ್ತಿದ್ದ. ದಡ್ಡ ಎಂದು ಬೈದಿದ್ದೆ.

ಈಗ ಅರ್ಥವಾಯಿತು. ನೆಗ್ಗಿಲ್ಲದ ಬಾಗಿಲನ್ನು ಅವನು ಎಲ್ಲಾ ಕಡೆ ಹುಡುಕಿದ. ಹೆಚ್ಚಿನ ಕಡೆ ಸಿಗಲಿಲ್ಲ, ಸಿಕ್ಕ ಕಡೆ ಅವನನ್ನು ಸೇರಿಸಲಿಲ್ಲ. ಕೊನೆಗೆ ತಾನೇ ತಗಡು ಹೊಡೆದ ಬ್ಯಾಂಕನ್ನೇ ಆರಿಸಿದ. ಮತ್ತೆ ಬಾಗಿಲು ಹಾಕುವ ದಿನ ಬಂದರೆ ತಗಡು ಹೊಡೆಯಲು ಅವರು ತಾನೊನನ್ನು ಕರೆಯುತ್ತಾರೆ. ತಾನೊ ಇವನನ್ನು ಕರೆಯುತ್ತಾನೆ. ದುಡ್ಡಿಟ್ಟವರಿಗೆಲ್ಲ ಬೆಳಿಗ್ಗೆ ಗೊತ್ತಾದರೆ ಇವನಿಗೆ ಹಿಂದಿನ ದಿನ ಗೊತ್ತಾಗುತ್ತದೆ.

ಗುರುವಾರ ಬೆಳಿಗ್ಗೆ ವಿಲ್ಮಾಳನ್ನು ಶಾಲೆಗೆ ಕಳಿಸಲಿಲ್ಲ. ಎರಡು ಜೊತೆ ಬಟ್ಟೆ, ಮದುವೆಯ ಕಾಗದ, ಅವನು ಸತ್ತ ಕಾಗದ, ನಮ್ಮ ಗುರುತಿನ ಚೀಟಿಗಳನ್ನು ತರಕಾರಿ ಚೀಲದಲ್ಲಿ ಹಾಕಿ ಮೇಲೆ ಈರುಳ್ಳಿ ಇಟ್ಟೆ. ಹಣ್ಣಿನಂಗಡಿಯವಳು ಎಲ್ಲಿಗೆ ಎಂದಳು. ಮಗುವಿಗೆ ಹಲ್ಲುನೋವು ಎಂದೆ. ಬಸ್ಸಿನಲ್ಲಿ ಹಿಂದೆ ತಿರುಗಿ ನೋಡಲಿಲ್ಲ. ನೋಡಿದರೆ ಆ ಹೊಸ ಮುಖದವನು ಇರುತ್ತಾನೆ ಎಂದು ಭಯ.

ಆ ಬ್ಯಾಂಕಿನ ಬಾಗಿಲು ಸಿಡುಬಾದ ಮುಖದಂತಿತ್ತು. ಅಷ್ಟು ನೆಗ್ಗು. ಕಾಲು ಒಳಗೆ ಇಡಲು ಬರಲಿಲ್ಲ. ಇಲ್ಲೂ ಇಲ್ಲ ಎಂದರೆ ಶುಕ್ರವಾರಕ್ಕೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. ಗೋಡೆಗೆ ಒರಗಿ ನಿಂತೆ. ಕೈಗೆ ಏನೋ ತಗ್ಗು ತಗಲಿತು. ಕಲ್ಲಿನ ಮೇಲೆ ದುಂಡನೆ ತೇಪೆ, ಅದರ ನಡುವೆ ಹೆಬ್ಬೆಟ್ಟು. ಅದರ ಕೆಳಗೆ ಇನ್ನೊಂದು. ಮತ್ತೊಂದು. ಬಾಗಿಲಿನ ಎರಡೂ ಕಡೆ ಅವನ ಹೆಬ್ಬೆಟ್ಟು.

ಒಳಗೆ ಹೋದೆ. ಈ ಸಲ ಮಾತಾಡಲಿಲ್ಲ. ಅವನ ಹೆಸರನ್ನೂ ಗುರುತಿನ ಸಂಖ್ಯೆಯನ್ನೂ ಚೀಟಿಯಲ್ಲಿ ಬರೆದು ತಂದಿದ್ದೆ. ಅವನು ಸತ್ತ ಕಾಗದದ ಮೇಲಿಟ್ಟು ಕೊಟ್ಟೆ. ಮೇಜಿನ ಹಿಂದಿದ್ದ ಹೆಂಗಸು ಓದಿದಳು, ಕಂಪ್ಯೂಟರಿನಲ್ಲಿ ಒತ್ತಿದಳು, ತುಂಬ ಹೊತ್ತು ಪರದೆ ನೋಡಿದಳು. ನನ್ನ ಅಂಗೈಯ ಸುಟ್ಟ ಜಾಗ ಉರಿಯುತ್ತಿತ್ತು.

"ಇದೆ ಸೆನ್ಯೋರಾ," ಎಂದಳು. ದನಿ ತಗ್ಗಿಸಿದಳು. "ಕೆಲಸ ಮಾಡ್ತಾರೆ ಅಂತ ಇವರ ಮೇಸ್ತ್ರಿನೇ ಪತ್ರ ಕೊಟ್ಟಿದ್ದಾರೆ."

ಆದರೆ ದುಡ್ಡು ಆ ದಿನ ಸಿಗಲಿಲ್ಲ. ಖಾತೆ ಅವನೊಬ್ಬನದೇ. ನ್ಯಾಯಾಲಯದ ಕಾಗದ ಬೇಕು, ಊರಿನಲ್ಲಿ ಆದ ಮದುವೆಯ ಕಾಗದಕ್ಕೆ ಬೊಲಿವಿಯಾದಿಂದಲೇ ಮುದ್ರೆ ಹಾಕಿಸಿ ತರಿಸಬೇಕು, ಆರು ತಿಂಗಳಾದರೂ ಆಗುತ್ತದೆ ಎಂದಳು. ಅವರ ದೊಡ್ಡಪ್ಪನ ಮಗ ಬಂದು ಕೇಳಿದರೆ ಎಂದೆ. ನಿಮಗೂ ಮಗಳಿಗೂ ಬಿಟ್ಟು ಬೇರೆಯವರಿಗೆ ಏನೂ ಹೇಳುವುದಿಲ್ಲ ಎಂದಳು. ಅವಳು ಒಳ್ಳೆಯವಳು. ಆದರೂ ನಾನು ಅವಳ ಮುಖವನ್ನೇ ನೋಡಿದೆ. ತೆರೆದಿದ್ದಾಗ ಎಲ್ಲಾ ನಗುತ್ತಾರೆ.

ಹೊರಗೆ ಬಂದು ವಿಲ್ಮಾಳನ್ನು ಗೋಡೆಯ ಹತ್ತಿರ ನಿಲ್ಲಿಸಿದೆ. ಅಪ್ಪನ ದುಡ್ಡು ಇಲ್ಲಿದೆ ಎಂದು ಹೇಳಿದೆ. ಅವಳ ಹೆಬ್ಬೆಟ್ಟನ್ನು ಅವನ ಹೆಬ್ಬೆಟ್ಟಿನ ತಗ್ಗಿನಲ್ಲಿ ಇರಿಸಿದೆ. ಹೇಳಬಾರದಿತ್ತೋ ಏನೋ. ಹೇಳದಿದ್ದಕ್ಕೆ ಏನಾಯಿತು ಎಂದು ನೋಡಿಯಾಗಿದೆ. ಈಗ ಗೊತ್ತಿರುವವರು ಇಬ್ಬರು. ಸುಡಲು ನಾಲ್ಕು ಕಾಲುಗಳು.

ಓಣಿಗೆ ವಾಪಸ್ಸು ಹೋಗಲಿಲ್ಲ. ಎಸ್ಕೊಬಾರ್‌ನಲ್ಲಿ ತರಕಾರಿ ಬೆಳೆಯುವ ನಮ್ಮ ಊರಿನವರ ಶೆಡ್ಡಿನಲ್ಲಿದ್ದೇವೆ. ನಾನು ಈರುಳ್ಳಿ ಕಟ್ಟು ಕಟ್ಟುತ್ತೇನೆ. ಕಾಗದ ಇನ್ನೂ ಬಂದಿಲ್ಲ. ನಾಯಿ ಬೊಗಳಿದರೆ ವಿಲ್ಮಾ ಎದ್ದು ಬೂಟು ಹಾಕಿಕೊಳ್ಳುತ್ತಾಳೆ. ನಾನು ಹೇಳಿಕೊಟ್ಟಿದ್ದಲ್ಲ.

ಹಿಂದಿನ ಸಂಜೆ ನಮಗೆ ಹೇಳುವವರು ಈಗ ಯಾರೂ ಇಲ್ಲ. ಅದಕ್ಕೆ ಶನಿವಾರ ಶನಿವಾರ ಎರಡು ಬಸ್ಸು ಹತ್ತಿ ರಿವಾದಾವಿಯಾಕ್ಕೆ ಹೋಗುತ್ತೇನೆ. ಮುಚ್ಚಿದ ಬ್ಯಾಂಕಿನ ಮುಂದೆ ನಿಲ್ಲುತ್ತೇನೆ. ತೇಪೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತೇನೆ, ತಗಡು ಹೊಡೆಯಲು ಯಾರಾದರೂ ಹೊಸದಾಗಿ ತೂತು ಕೊರೆದಿದ್ದಾರಾ ಎಂದು. ಕಾವಲುಗಾರ ಈಗ ಓಡಿಸುವುದಿಲ್ಲ. ಹುಚ್ಚಿ ಎಂದುಕೊಂಡಿದ್ದಾನೆ.