ಸುತ್ತಿನ ದಾರಿಯ ಮೇಷ್ಟ್ರು

ಮಿದುಳನ್ನು ಪಠ್ಯಪುಸ್ತಕದ ಚಿತ್ರದಲ್ಲಲ್ಲದೆ ಬೇರೆಲ್ಲೂ ಕಾಣದೆಯೂ, ಅದರೊಳಗಿನ ಎಳೆಗಳನ್ನು ತಮ್ಮ ಅಂಗಿಯ ದಾರದಷ್ಟೇ ಸಲುಗೆಯಿಂದ ಬಣ್ಣಿಸಿ, ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮಕ್ಕಳಿಗೆ ಜೀವಶಾಸ್ತ್ರವನ್ನು ಉಣಬಡಿಸಿದವರು ಶ್ರೀ ಜಂಬುಲಿಂಗಪ್ಪನವರು. ೧೯೭೪ರಲ್ಲಿ ರಾಂಪುರದಲ್ಲಿ ಸೇವೆಗೆ ಸೇರಿದ ಅವರು ಮೊಳಕಾಲ್ಮೂರಿಗೆ ವರ್ಗವಾಗಿ ಬರುವ ಹೊತ್ತಿಗೆ, "ಎಲ್ಲಾ ಮಿದುಳೂ ಒಳ್ಳೇವೇ, ಎಳೆ ಹೂಡಿರೋ ಬಗೆ ಬ್ಯಾರೆ" ಎಂಬುದನ್ನು ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ ವಿವರಿಸುತ್ತಿದ್ದರು. ಕಾಯಿ ಮಾರುವ ಹುಚ್ಚಕ್ಕ ಭಕ್ತಿಯಿಂದ ತಲೆಯಾಡಿಸುತ್ತಲೇ ಹುಳುಕು ಕಾಯಿಗಳನ್ನು ಅವರ ಚೀಲಕ್ಕೆ ಹಾಕುತ್ತಿದ್ದಳು.

೧೯೯೮ರಲ್ಲಿ ಆ ಮಾತಿಗೇ ಪರೀಕ್ಷೆ ಬಂತು. ನೇಕಾರರ ಮನೆಯ ಹುಡುಗಿ ನಿರ್ಮಲಾಳನ್ನು ಪ್ರಶ್ನೆ ಕೇಳಿದರೆ, ಉತ್ತರ ಬರುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು. ಶಾಲೆಯ ಫಲಿತಾಂಶದ ಚಿಂತೆಯಲ್ಲೇ ಸೊರಗಿದ್ದ ಮುಖ್ಯೋಪಾಧ್ಯಾಯ ಬೊಮ್ಮಲಿಂಗಪ್ಪನವರು, ಅವಳನ್ನು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸಬಾರದೆಂದು ನಿಶ್ಚಯಿಸಿದರು. ಮೇಷ್ಟ್ರು ನೇರ ಅವರ ಕೋಣೆಗೇ ನುಗ್ಗಿದರು.

"ಆ ಹುಡುಗಿ ತಲೇಲಿ ಉತ್ತರ ಐತೆ ಸಾರ್. ಸುತ್ತಿನ ದಾರೀಲಿ ಬರ್ತೈತೆ, ಅಷ್ಟೆ."

"ಹಂಗಾದ್ರೆ ತೋರಿಸ್ರಿ, ನೋಡಾನ."

ಮೇಷ್ಟ್ರು ತೋರಿಸಲು ಹೊರಟರು. ಒಣಗಿದ ಸೋರೆಬುರುಡೆಯೊಂದಕ್ಕೆ ಕಣ್ಣಿನ ಜಾಗದಲ್ಲಿ ಗುಂಡಿ, ಬಾಯಿಯ ಜಾಗದಲ್ಲಿ ಪುಟ್ಟ ಬಲ್ಬು, ಒಳಗೊಂದು ಸೆಲ್ ಇಟ್ಟು, ಎರಡರ ನಡುವೆ ನೇರವಾಗಿ ಒಂದು ತಾಮ್ರದ ತಂತಿ, ಹಿಂದಲೆ ಬಳಸಿ ಇನ್ನೊಂದು ತಂತಿ ಎಳೆದರು. ನೇರ ತಂತಿ ಕಡಿದರೂ ಬಲ್ಬು ಉರಿಯಬೇಕು, ಅದೇ ವಾದ. ತುಂಬಿದ ತರಗತಿಯಲ್ಲಿ, ಮುಖ್ಯೋಪಾಧ್ಯಾಯರ ಎದುರು, ಠೀವಿಯಿಂದ ಕತ್ತರಿ ಆಡಿಸಿ ಗುಂಡಿ ಒತ್ತಿದರು. ಬಲ್ಬು ಉರಿಯಲಿಲ್ಲ. ಬುರುಡೆಯನ್ನು ತಟ್ಟಿದರು, ಗದರಿದರು, ಕೊನೆಗೆ ತಮ್ಮ ತಲೆಯನ್ನೇ ಕೆರೆದುಕೊಂಡರು. ಬೊಮ್ಮಲಿಂಗಪ್ಪನವರು ಎದ್ದೇ ಬಿಟ್ಟರು.

ಆಗ ಹಿಂದಿನ ಬೆಂಚಿನಿಂದ ನಿಧಾನವಾಗಿ ನಿರ್ಮಲಾಳ ದನಿ ಬಂತು: "ಸಾ... ಎರಡೂ ಕತ್ತರಿಸ್ಬಿಟ್ರಿ."

ಮಗ್ಗದಲ್ಲಿ ಹರಿದ ಎಳೆಯನ್ನು ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯುವುದು ಅವಳ ಮನೆಯ ರೂಢಿ. ಅವಳು ಮುಂದೆ ಬಂದು, ಬೂದಿ ಸಿಗದೆ ಸೀಮೆಸುಣ್ಣದ ಪುಡಿ ಮುಟ್ಟಿಸಿಕೊಂಡು, ಹಿಂದಲೆಯ ತಂತಿಯನ್ನು ಹೊಸೆದು ಕೂಡಿಸಿದಳು. ಬಲ್ಬು ಹೊತ್ತಿತು.

"ಮಂಕಾಗಿ ಉರೀತೈತಲ್ರೀ?" ಎಂದರು ಮುಖ್ಯೋಪಾಧ್ಯಾಯರು.

"ಸೆಲ್ ಹಳೇದು ಸಾರ್. ದಾರಿ ಸರಿಯಾಗೈತೆ" ಎಂದರು ಮೇಷ್ಟ್ರು.

ನಿರ್ಮಲಾ ಪರೀಕ್ಷೆ ಬರೆದಳು, ಪಾಸಾದಳು. ದರ್ಜೆಯ ಮಾತು ಇಲ್ಲಿ ಬೇಡ. ಈಗ ದೊಡ್ಡಉಳ್ಳಾರ್ತಿಯಲ್ಲಿ ಶಿಕ್ಷಕಿ.

ನಿವೃತ್ತರಾಗಿ ವರ್ಷಗಳಾದ ಮೇಲೆ, ಕಳೆದ ತಿಂಗಳ ಸನ್ಮಾನದಲ್ಲಿ ಹಾರ ಹಾಕಲು ಬಂದ ಆಕೆಯ ಹೆಸರು ಮೇಷ್ಟ್ರಿಗೆ ಹೊಳೆಯಲಿಲ್ಲ. ಅಂದು ಬುರುಡೆಯನ್ನು ತಟ್ಟಿದಂತೆ ತಮ್ಮ ತಲೆಯನ್ನೇ ತಟ್ಟಿಕೊಂಡರು. ಸಭೆಯವರು ಹೆಸರು ಕೂಗಲು ಹೊರಟಾಗ ಆಕೆ ಕೈ ಅಡ್ಡ ಹಿಡಿದರು.

"ಯಾರೂ ಹೇಳ್ಕೊಡಬ್ಯಾಡ್ರಿ. ಸುತ್ತಿನ ದಾರೀಲಿ ಬರ್ತೈತೆ."

ಸಭೆ ಕಾದು ಕೂತಿತು. ಹೆಸರು ಬಂತು.

"ನಿರ್ಮಲಾ!"

ಮೇಷ್ಟ್ರ ಆಯುಷ್ಯವೂ ನೇರ ದಾರಿ ಬಿಟ್ಟು ಸುತ್ತಿನ ದಾರಿಯನ್ನೇ ಹಿಡಿಯಲಿ. ಆ ಬುರುಡೆಯನ್ನು ಹೊತ್ತು ಅವರು ಇನ್ನೂ ಊರೂರು ಸುತ್ತಲಿ. ಕತ್ತರಿ ಮಾತ್ರ ನಿರ್ಮಲಾ ಅವರ ಬಳಿಯೇ ಇರಲಿ.